ನಾಲ್ಕನೆಯ ಪೀಪಾಯಿ

"ಅದರ ಮೇಲಿಂದ ಕೈ ತೆಗೀರಿ."

ಸೊಲೀನ್ ಇಷ್ಟು ಹೇಳುವಾಗ ನೆಲಮಾಳಿಗೆಯ ಮೆಟ್ಟಿಲನ್ನು ಅರ್ಧ ಮಾತ್ರ ಇಳಿದಿದ್ದಳು. ಕೈಯಲ್ಲಿ ಪ್ರಯಾಣದ ಚೀಲ ಹಾಗೇ ಇತ್ತು. ತಲೆಗೆ ಕಟ್ಟಿದ ವಸ್ತ್ರವನ್ನೂ ಬಿಚ್ಚಿರಲಿಲ್ಲ. ಚಿಕ್ಕಮ್ಮನ ಮಗಳ ಬಾಣಂತನಕ್ಕೆಂದು ಬೆಸಾನ್ಸೋಂಗೆ ಹೋಗಿ ಹತ್ತು ದಿನಕ್ಕೆ ಮರಳಿ ಬಂದರೆ, ಅಪ್ಪನ ಐದನೆಯ ಪೀಪಾಯಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯುತ್ತ ಯಾರೋ ಒಬ್ಬ ನಿಂತಿದ್ದಾನೆ!

ಎತ್ತರದ ಆಳು. ಮೊಣಕೈವರೆಗೆ ಮಡಚಿದ ತೋಳು. ಕಾಲ ಬಳಿ ಉದ್ದ ಮೂತಿಯ ತಗಡಿನ ಕ್ಯಾನು, ಅದರ ತುಂಬ ಹೊಸ ವೈನ್.

"ಯಾರ್ರೀ ನೀವು?"

ಅವನು ನಿಧಾನವಾಗಿ ನೆಟ್ಟಗಾದ. ಗಾಬರಿಯೇನೂ ಕಾಣಲಿಲ್ಲ. ತನ್ನ ಹೆಸರು ತಿಬೋ ಎಂದ. ಮೂರು ದಿನದ ಹಿಂದೆ ಅಜ್ಜಿ ಕೆಲಸಕ್ಕೆ ಇಟ್ಟುಕೊಂಡರು ಎಂದ. ಆಮೇಲೆ, ಮನೆಯ ಯಜಮಾನಿಯನ್ನೇ ಗದರಿಸುವವನ ಹಾಗೆ, "ಈ ಪೀಪಾಯಿ ಒಂದು ಗೇಣು ಖಾಲಿ ಇದೆ, ಯಾರೂ ನೋಡ್ತಾನೇ ಇರ್ಲಿಲ್ವಾ?" ಎಂದು ಕೇಳಿದ.

ಸೊಲೀನ್‌ಗೆ ಮೈಯೆಲ್ಲ ಉರಿದುಹೋಯಿತು.

"ಖಾಲಿ ಇರಬೇಕು ಅಂತಲೇ ಖಾಲಿ ಬಿಟ್ಟಿರೋದು. ಆರು ವರ್ಷಕ್ಕೂ ಹೆಚ್ಚು ಕಾಲ ಅದನ್ನ ಯಾರೂ ಮುಟ್ಟಲ್ಲ. ವೈನ್ ತಾನಾಗಿ ಇಂಗುತ್ತೆ, ಮೇಲೊಂದು ಪೊರೆ ಕಟ್ಟುತ್ತೆ. ಒಳಗಿರೋದನ್ನ ಕಾಯೋದು ಆ ಪೊರೆ. ಮೇಲಿಂದ ಹೊಸದು ಹುಯ್ದರೆ ಪೊರೆ ಮುಳುಗಿಹೋಗುತ್ತೆ. ಅಲ್ಲಿಗೆ ಮುಗೀತು. ಎಲ್ಲಿಯವರು ನೀವು?"

"ಬರ್ಗಂಡಿ. ಬೋನ್ ಹತ್ತಿರ."

ಹಾಗೆನ್ನುತ್ತಲೇ ಅವನ ಮುಖದ ಬಣ್ಣ ಇಳಿದುಹೋಯಿತು. ಅವನ ಕಣ್ಣು ಒಂದು ಕ್ಷಣ ಪಕ್ಕದ ಪೀಪಾಯಿಯ ಕಡೆ ಹೋಗಿ ಬಂತು. "ನಾನು..." ಎಂದು ಬಾಯಿ ತೆರೆದ.

"ಮೇಲೆ ಹೋಗಿ ಅಂದೆ," ಎಂದಳು ಸೊಲೀನ್. ಅಸಲಿಗೆ ಇನ್ನೂ ಅಂದೇ ಇರಲಿಲ್ಲ.

ಅವನು ಹೋದ ಮೇಲೆ ಅವಳು ಕ್ಯಾನನ್ನು ಎತ್ತಿ ನೋಡಿದಳು. ಬಾಯಿಮಟ್ಟ ತುಂಬಿತ್ತು. ಸದ್ಯ, ಹುಯ್ಯುವ ಮೊದಲೇ ಬಂದೆ ಎಂದು ನಿಟ್ಟುಸಿರುಬಿಟ್ಟಳು. ಆದರೆ ಆ ಬಿಳಿಚಿಕೊಂಡ ಮುಖ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ತಪ್ಪು ಮಾಡಹೊರಟವನಿಗೆ ನಾಚಿಕೆಯಾಗಬೇಕು, ಭಯ ಯಾಕೆ? ಬೋನ್‌ನಿಂದ ಬಂದವನು ಬೇರೆ...

ಅಜ್ಜಿ ಹೆರ್ಮಿನ್ ಅಡುಗೆಮನೆಯಲ್ಲಿ ಲೀಕ್ ಸೊಪ್ಪು ಹೆಚ್ಚುತ್ತ ಕುಳಿತಿದ್ದಳು. ಎಂಬತ್ತೊಂದರ ಮುದುಕಿ. ಕಣ್ಣು ಮಂದವಾಗಿದ್ದರೂ ಬಾಯಿಗೆ ಒಂಚೂರೂ ವಯಸ್ಸಾಗಿರಲಿಲ್ಲ. ಮೊಮ್ಮಗಳು ಹಾರಾಡಿದ್ದನ್ನೆಲ್ಲ ಕೇಳಿಸಿಕೊಂಡು, "ನಿನಗಿರೋದು ಒಂದೇ ಬೆನ್ನು ಪುಟ್ಟೀ. ಆ ಇಳಿಜಾರಿನ ತೋಟಕ್ಕೆ ಇನ್ನೊಂದು ಬೇಕು. ಇವನದು ಗಟ್ಟಿಯಾಗಿದೆ, ಮುಟ್ಟಿ ನೋಡಿದೀನಿ," ಎಂದಳು.

"ಅಜ್ಜೀ!"

"ಭುಜ ಮುಟ್ಟಿದೆ ಕಣೇ. ಎಲ್ಲದಕ್ಕೂ ಅನುಮಾನ ನಿನಗೆ."

ಅನುಮಾನ ಅವಳ ಹುಟ್ಟುಗುಣವೇನೂ ಆಗಿರಲಿಲ್ಲ. ಎರಡು ವರ್ಷದ ಹಿಂದೆ ರೆಮಿ ಎಂಬೊಬ್ಬ ಸುಗ್ಗಿಯ ಕೆಲಸಕ್ಕೆ ಬಂದಿದ್ದ. ಸವಿಮಾತಿನವನು. ತೋಟದಲ್ಲಿ ಅವಳ ಜೊತೆಜೊತೆಗೇ ನಡೆದು ಮಣ್ಣು ಎಂಥದು, ಗಡಿ ಎಲ್ಲಿ, ಬಳ್ಳಿ ಎಷ್ಟು ಹಳೆಯದು ಎಂದೆಲ್ಲ ಕೇಳಿದ್ದ. ತನ್ನ ಮೇಲೇ ಇಷ್ಟೊಂದು ಆಸಕ್ತಿ ಎಂದುಕೊಂಡು ಪೆದ್ದಿ ಎಲ್ಲವನ್ನೂ ಹೇಳಿದ್ದಳು. ಅವನು ಹೋದ ವಾರಕ್ಕೆ ಸರಿಯಾಗಿ ಬೋನ್‌ನ ದೊಡ್ಡ ವೈನ್ ವ್ಯಾಪಾರಿಯೊಬ್ಬನಿಂದ ತೋಟವನ್ನು ಕೊಳ್ಳುತ್ತೇವೆಂದು ಕಾಗದ ಬಂತು. ಅದರಲ್ಲಿ ಸಾಲು ಸಾಲಿನ ವಿವರ ಇತ್ತು. ಅವಳು ರೆಮಿಗೆ ಹೇಳಿದ ಮಾತುಗಳೇ ಅಲ್ಲಿ ಅಚ್ಚಾಗಿ ಕುಳಿತಿದ್ದವು. ಆವತ್ತು ಸೊಲೀನ್ ಅತ್ತಳು. ಆಮೇಲೆ ಯಾರನ್ನೂ ನಂಬುವುದಿಲ್ಲ ಎಂದು ನಿಶ್ಚಯಿಸಿಕೊಂಡಳು.

ತೋಟ ಹೇಗಾದರೂ ಉಳಿಯುತ್ತಿತ್ತು, ಮಾರುವುದಿಲ್ಲ ಎಂದರೆ ಆಯಿತು. ಅವಳ ಜೀವವೆಲ್ಲ ಇದ್ದದ್ದು ಕೆಳಗಿನ ಆ ಏಳು ಪೀಪಾಯಿಗಳಲ್ಲಿ.

ಅಪ್ಪ ಎಮಿಲ್ಯಾ ತನ್ನ ಕೊನೆಯ ಸುಗ್ಗಿಯಲ್ಲಿ ತುಂಬಿಸಿಟ್ಟವು ಅವು. ಜ್ವರದಲ್ಲಿ ನಡುಗುತ್ತಲೇ ಬಿರಡೆ ಬಡಿದು ಮುಚ್ಚಿದ್ದ. ಮರುವಸಂತಕ್ಕೆ ಅವನಿರಲಿಲ್ಲ. ಯುದ್ಧದ ಕಾಲದಲ್ಲಿ ನೆಲಮಾಳಿಗೆಗೆ ಅಡ್ಡಗೋಡೆ ಕಟ್ಟಿ, ಜರ್ಮನ್ ಸೈನಿಕರ ಕಣ್ಣು ತಪ್ಪಿಸಿ ಪೊರೆಯಡಿ ಹೀಗೆ ಆರು ವರ್ಷ ಮಾಗುವ, ಊರವರೆಲ್ಲರ ಹಳದಿ ವೈನನ್ನು ಕಾಪಾಡಿದ ಮನುಷ್ಯ. ಅದಕ್ಕೂ ಹಿಂದೆ, ಅಜ್ಜಿಯ ಅಪ್ಪನ ಕಾಲದಲ್ಲಿ, ಬೇರು ತಿನ್ನುವ ಹುಳ ಬಿದ್ದು ಜ್ಯುರಾ ಸೀಮೆಯ ಗುಡ್ಡಗಳೆಲ್ಲ ಬೋಳಾದಾಗ, ಈ ಮನೆಯವರು ಬಳ್ಳಿಗಳನ್ನು ಒಂದೊಂದಾಗಿ ಕಸಿ ಕಟ್ಟಿ ತೋಟ ಉಳಿಸಿಕೊಂಡಿದ್ದರು. ಅಂಥ ಮನೆಯ ಹೆಸರು ಈಗ ಇಪ್ಪತ್ತಾರರ ಹುಡುಗಿಯೊಬ್ಬಳ ಕೈಯಲ್ಲಿತ್ತು.

ಅವರ ಊರು ವೊಜೆಲ್. ಅಲ್ಲಿಯ ಕಟ್ಟುಪಾಡು ಬಹಳ ಬಿಗಿ. ಆರನೆಯ ವರ್ಷದ ಡಿಸೆಂಬರಿನಲ್ಲಿ ಊರಿನ ಮೂವರು ಹಿರಿಯರು ಬಂದು ಬಿರಡೆ ತೆಗೆಯುತ್ತಾರೆ. ಪೊರೆ ನೋಡುತ್ತಾರೆ, ರುಚಿ ನೋಡುತ್ತಾರೆ. ಒಂದೇ ಒಂದು ಪೀಪಾಯಿಗೆ ಮೇಲಿಂದ ಹುಯ್ದದ್ದು ಕಂಡು, ಉಳಿದವಕ್ಕೆ ಹುಯ್ದಿಲ್ಲ ಎನ್ನಲು ಸಾಕ್ಷಿ ಇಲ್ಲದಿದ್ದರೆ ಆ ಮನೆಯ ಆ ವರ್ಷದ ವೈನ್ ಪೂರ್ತಿ ಅನರ್ಹ. ಹಳದಿ ವೈನಿಗೆಂದೇ ಇರುವ ಗಿಡ್ಡ ಬಾಟಲಿಗೆ ಒಂದು ಹನಿಯೂ ಹೋಗುವಂತಿಲ್ಲ, ಮಾಡಿದವನ ಹೆಸರೂ ಅಲ್ಲಿಗೆ ಮುಗಿಯುತ್ತದೆ. ಬೇರೆ ಮನೆಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ತೆಗೆದು ರುಚಿ ನೋಡುವುದುಂಟು. ಎಮಿಲ್ಯಾನ ಮನೆಯಲ್ಲಿ ಅದೂ ಇಲ್ಲ. ಅಲ್ಲಿ ಪೀಪಾಯಿಯನ್ನು ಬಡಿದೂ ನೋಡುವುದಿಲ್ಲ.

ಇನ್ನು ಉಳಿದದ್ದು ಒಂಬತ್ತು ತಿಂಗಳು. ಅಷ್ಟರಲ್ಲಿ ಈ ತಿಬೋ!

ಹೊರಗೆ ಹಾಕಿಬಿಡಬೇಕೆಂದು ಆ ವಾರವೇ ಮೂರು ಸಲ ನಿರ್ಧರಿಸಿದಳು. ಆದರೆ ಅವನ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು. ಬಳ್ಳಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ತಂತಿಗೆ ಕಟ್ಟುವಾಗ ಅವಳ ಕೈಯಲ್ಲೇ ದಿನಕ್ಕೆ ಎರಡು ಮುರಿಯುತ್ತಿದ್ದವು. ಅವನ ಕೈಯಲ್ಲಿ ಒಂದೂ ಮುರಿಯಲಿಲ್ಲ. ಇಳಿಜಾರಿನಲ್ಲಿ ಮಳೆಗೆ ಕೊಚ್ಚಿಹೋದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲಕ್ಕೆ ಹಾಕುವ ದರಿದ್ರ ಕೆಲಸವನ್ನೂ ಗೊಣಗದೆ ಮಾಡಿದ.

ಇಷ್ಟು ಒಳ್ಳೆಯವನು ಯಾಕೆ ಇಲ್ಲಿಗೆ ಬಂದ? ಒಳ್ಳೆಯವನಾಗಿರುವುದೇ ಅವಳಿಗೆ ಅನುಮಾನಕ್ಕೆ ಕಾರಣವಾಯಿತು.

ಕೇಳಿದ್ದಕ್ಕೆ ಅವನು, ಬರ್ಗಂಡಿಯಲ್ಲಿ ವೈನನ್ನು ಒಂದು ಗಳಿಗೆ ಬಿಡದೆ ಕಾಯುತ್ತಾರೆ, ಸುಮ್ಮನೆ ಬಿಟ್ಟು ಮಾಡುವ ವೈನ್ ಒಂದಿದೆಯಂತೆ ಎಂದು ಕೇಳಿ ಕಲಿಯಲು ಬಂದೆ ಎಂದ. ರೆಮಿ ಕೂಡ ಕಲಿಯುವವನ ಹಾಗೆಯೇ ಎಲ್ಲ ಕೇಳಿದ್ದ.

ಅದೂ ಅಲ್ಲದೆ ಅವನು ಕಾಗದ ಬರೆಯುತ್ತಿದ್ದ. ಹದಿನೈದು ದಿನಕ್ಕೊಂದು, ತಪ್ಪದೆ. ಅಂಚೆಯ ಜೊಸೆಟ್ ಸೈಕಲ್ಲಿನಿಂದ ಇಳಿಯದೆಯೇ ಊರಿನ ಸುದ್ದಿಯೆಲ್ಲ ಹಂಚುವ ಹೆಂಗಸು. ಅವಳೇ ಒಂದು ದಿನ ಸೊಲೀನ್‌ಳ ಕಿವಿಯಲ್ಲಿ, "ನಿಮ್ಮ ಆಳಿನ ಕಾಗದ ಎಲ್ಲ ಬೋನ್‌ಗೇ ಹೋಗೋದು ಕಣೇ. ಹೆಂಡ್ತಿ ಇರಬಹುದಾ ಅಂತ," ಎಂದಳು.

ಹೆಂಡತಿ ಎಂಬ ಮಾತಿಗೆ ಎದೆ ಯಾಕೆ ಧಸಕ್ ಎಂದಿತೋ ಸೊಲೀನ್‌ಗೆ ತಿಳಿಯಲಿಲ್ಲ. ನಮಗೆ ತಿಳಿಯಿತು ಬಿಡಿ. ಅವಳು ಮಾತ್ರ ಅದನ್ನು ಸಿಟ್ಟು ಎಂದುಕೊಂಡಳು.

ಅನುಮಾನಕ್ಕೆ ಒಂದು ಗುಣವಿದೆ. ಯಾರ ಮೇಲೆ ಪಡುತ್ತೇವೋ ಅವರನ್ನು ಬಿಡದೆ ನೋಡುತ್ತಿರಬೇಕಾಗುತ್ತದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಅವನು ಬ್ರೆಡ್ಡನ್ನು ಕತ್ತರಿಸದೆ ಮುರಿದು ತಿನ್ನುತ್ತಾನೆಂದು ಅವಳಿಗೆ ಗೊತ್ತಾಗಿತ್ತು. ಜೂನಿನಲ್ಲಿ, ಯೋಚನೆಗೆ ಬಿದ್ದಾಗ ಎಡಗಿವಿ ಎಳೆದುಕೊಳ್ಳುತ್ತಾನೆಂದು ಗೊತ್ತಾಯಿತು. ಅವನು ಅಜ್ಜಿಯ ಕೋಳಿಸಾರು ಬಡಿಸಿಕೊಳ್ಳುವಾಗ ಅಣಬೆಗಳನ್ನೆಲ್ಲ ಆರಿಸಿ ಅಜ್ಜಿಯ ತಟ್ಟೆಗೇ ಹಾಕುತ್ತಿದ್ದುದನ್ನೂ ಅವಳು ಕಂಡಿದ್ದಳು. ಗೂಢಚಾರರು ಅಜ್ಜಿಯರನ್ನು ಮೊದಲು ಬುಟ್ಟಿಗೆ ಹಾಕಿಕೊಳ್ಳುತ್ತಾರೆ ಎಂದು ಅದನ್ನೂ ಅವನ ವಿರುದ್ಧವೇ ಬರೆದುಕೊಂಡಳು.

ಆದರೆ ನೆಲಮಾಳಿಗೆಯ ವಿಷಯ ಮಾತ್ರ ನಿಜವಾಗಿಯೂ ವಿಚಿತ್ರವಾಗಿತ್ತು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಅವನು ಕೆಳಗಿಳಿದು ನಾಲ್ಕನೆಯ ಪೀಪಾಯಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಮುಟ್ಟುತ್ತಿರಲಿಲ್ಲ. ಅವಳ ಹೆಜ್ಜೆ ಕೇಳಿದರೆ ಪೊರಕೆ ಎತ್ತಿಕೊಂಡು ಗುಡಿಸುವ ನಾಟಕ ಮಾಡುತ್ತಿದ್ದ. ನಾಟಕವೂ ಬರುತ್ತಿರಲಿಲ್ಲ ಪಾಪ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದ.

ಅಕ್ಟೋಬರಿನ ಕೊನೆಗೆ ಸುಗ್ಗಿ ಬಂತು. ಹಳದಿ ವೈನಿನ ಸವಾನ್ಯಾ ದ್ರಾಕ್ಷಿ ಎಲ್ಲಕ್ಕಿಂತ ತಡವಾಗಿ ಹಣ್ಣಾಗುವಂಥದು. ಮಂಜು ಕವಿದ ಒಂದು ಬೆಳಗ್ಗೆ ತುಂಬಿದ ಬುಟ್ಟಿ ಬೆನ್ನಿಗೇರಿಸಿಕೊಂಡು ಇಳಿಯುವಾಗ ಸೊಲೀನ್‌ಳ ಕಾಲು ಜಾರಿತು. ತಿಬೋ ಕೆಳಗಿನ ಸಾಲಿನಲ್ಲಿದ್ದವನು ಹಿಡಿದ. ಇಬ್ಬರೂ ಉರುಳಿದರು, ಬುಟ್ಟಿಯೂ ಉರುಳಿತು. ದ್ರಾಕ್ಷಿಯೆಲ್ಲ ಅವರ ತಲೆಯ ಮೇಲೆ ಸುರಿಯಿತು.

ಸೊಲೀನ್ ನಕ್ಕಳು. ಅಪ್ಪ ಹೋದ ಮೇಲೆ ಹಾಗೆ ನಕ್ಕಿರಲಿಲ್ಲ. ತಿಬೋ ಅವಳ ಕೂದಲಿಂದ ಒಂದೊಂದೇ ಹಣ್ಣು ತೆಗೆದು ಬುಟ್ಟಿಗೆ ಹಾಕುತ್ತಿದ್ದ. ಅವನ ಬೆರಳು ಅವಳ ಕೆನ್ನೆಯ ಹತ್ತಿರ ಬಂದು ನಿಂತಿತು...

"ಸೊಲೀನ್, ಒಂದು ಮಾತು ಕೇಳ್ಲಾ? ಮುಳುಗಿದ ಪೊರೆ ಮತ್ತೆ ಕಟ್ಟಿಕೊಳ್ಳುತ್ತಾ?"

ಅವಳು ತಟ್ಟನೆ ಎದ್ದು ಕುಳಿತಳು. ಅವಳ ಮನಸ್ಸಿನಲ್ಲಿ ಆಗ ನಡೆಯುತ್ತಿದ್ದುದಕ್ಕೂ ಈ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ. ಓಹೋ, ಇದಕ್ಕಾ ಇಷ್ಟೆಲ್ಲ? ಪೀಪಾಯಿಯ ಗುಟ್ಟು ತಿಳಿಯುವುದಕ್ಕಾ ಈ ಹಿಡಿದುಕೊಂಡದ್ದು, ಕೂದಲಿನ ಹಣ್ಣು ತೆಗೆದದ್ದು?

"ಕೆಲವು ಸಲ ಕಟ್ಟುತ್ತೆ," ಎಂದಳು ತಣ್ಣಗೆ. "ಆದರೆ ಆ ಪೀಪಾಯಿಯನ್ನ ಆಮೇಲೆ ಯಾರೂ ನಂಬಲ್ಲ."

ಅವನು ಇನ್ನೇನೋ ಹೇಳಹೊರಟ. ಅವಳು ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು. ಆ ದಿನವೆಲ್ಲ ಕೆನ್ನೆ ಬಿಸಿಯಾಗಿಯೇ ಇತ್ತು, ಅದಕ್ಕೂ ಅವನನ್ನೇ ಬೈದುಕೊಂಡಳು.

ನವೆಂಬರಿನಲ್ಲಿ ಅವನ ಕಾಗದಗಳಿಗೆ ಉತ್ತರ ಬಂತು.

ಜೊಸೆಟ್ ಲಕೋಟೆಯನ್ನು ಸೊಲೀನ್‌ಳ ಕೈಗೇ ಕೊಟ್ಟು, ಕಣ್ಣು ಹೊಡೆದು ಹೋದಳು. ಮೇಲೆ ತಿಬೋನ ಹೆಸರು. ಮೂಲೆಯಲ್ಲಿ ಕೆಂಪು ಬೀಗದಕೈಯ ಮುದ್ರೆ. ತೋಟ ಕೊಳ್ಳಲು ಬಂದ ಆ ಕಾಗದದ ಮೇಲೂ ಇದ್ದದ್ದು ಅದೇ ಮುದ್ರೆ. ಅದೇ ವ್ಯಾಪಾರಿ!

ತನ್ನ ಅನುಮಾನವೇ ನಿಜವಾಯಿತಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಕಣ್ಣಲ್ಲಿ ನೀರು ಬಂತು. ಸುಳ್ಳಾಗಲಿ, ಸುಳ್ಳಾಗಲಿ ಎಂದು ಇಷ್ಟು ದಿನ ಒಳಗೊಳಗೇ ಬೇಡಿಕೊಂಡಿದ್ದೆ ಎನ್ನುವುದು ಅವಳಿಗೆ ಅರ್ಥವಾದದ್ದು ಆಗಲೇ.

ಲಕೋಟೆಯನ್ನು ಒಡೆಯಲಿಲ್ಲ. ಊಟದ ಮೇಜಿನ ಮೇಲೆ ಅವನ ತಟ್ಟೆಯ ಪಕ್ಕ ಇಟ್ಟಳು.

"ಓದಿ. ನಮಗೂ ಕೇಳ್ಲಿ."

ತಿಬೋ ಒಡೆದು ಓದಿಕೊಂಡ. ಓದುತ್ತ ಓದುತ್ತ ಕುತ್ತಿಗೆಯವರೆಗೂ ಕೆಂಪಾದ. ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡ.

"ಇದನ್ನ ಗಟ್ಟಿಯಾಗಿ ಓದೋಕಾಗಲ್ಲ."

"ಆ ಮನೆಯವರಿಗೂ ನಿಮಗೂ ಏನು?"

"ನಮ್ಮಪ್ಪ ಅಲ್ಲಿ ನೆಲಮಾಳಿಗೆ ನೋಡ್ಕೊಳ್ತಾರೆ. ಮೂವತ್ತು ವರ್ಷದಿಂದ."

"ಇದನ್ನ ಎಂಟು ತಿಂಗಳು ಮುಚ್ಚಿಟ್ರಿ."

"ಹೇಳಿದ್ದಿದ್ರೆ ಒಂದು ದಿನವಾದರೂ ಇಟ್ಟುಕೊಳ್ತಿದ್ರಾ?"

ಅಜ್ಜಿ ಚಮಚ ಕೆಳಗಿಟ್ಟಳು. ಸೊಲೀನ್ ಅವನ ಲೆಕ್ಕ ಚುಕ್ತಾ ಮಾಡಿ ನಾಳೆಯೇ ಕಳಿಸುತ್ತೇನೆಂದಳು. ತಿಬೋ ಎದುರಾಡಲಿಲ್ಲ. ಒಂದೇ ಒಂದು ಬೇಡಿಕೆ ಇಟ್ಟ. ಪೀಪಾಯಿ ತೆರೆಯುವ ದಿನದವರೆಗೆ ಇರಲು ಬಿಡಬೇಕು, ಕೂಲಿ ಬೇಡ, ಆಮೇಲೆ ತಾನೇ ಹೋಗುತ್ತೇನೆ ಎಂದ.

ಯಾಕೆ? ವ್ಯಾಪಾರಿಗೆ ವರದಿ ಒಪ್ಪಿಸುವುದಕ್ಕೆ. ಇನ್ನೇನು! ಅವಳು ಬೇಡವೆನ್ನಬೇಕೆಂದಿದ್ದಳು. ಅಷ್ಟರಲ್ಲಿ ಅಜ್ಜಿ, ಮನೆ ಯಾರದು, ಹಿರಿಯಳು ಯಾರು ಎಂದು ಎರಡು ಮಾತು ಕೇಳಿ, ಅವನು ಇರಲಿ ಎಂದು ಅಪ್ಪಣೆ ಕೊಟ್ಟುಬಿಟ್ಟಳು.

ಡಿಸೆಂಬರ್ ಹದಿನೈದು. ಬೆಳಗ್ಗೆಯೇ ಮೂವರು ಹಿರಿಯರೂ ಬಂದರು. ಎಲ್ಲರಿಗಿಂತ ಹಿರಿಯ ಬಾರ್ನಬೆ ತಾತ, ಅಪ್ಪನ ಜೊತೆ ಅಡ್ಡಗೋಡೆ ಕಟ್ಟಿದವನು. ಅವರು ಕೋಟು ಕಳಚುತ್ತಿರುವಾಗ ತಿಬೋ ಸೊಲೀನ್‌ಳನ್ನು ಬಾಗಿಲ ಬಳಿ ತಡೆದ.

"ಕೆಳಗೆ ಹೋಗೋ ಮೊದಲು ಎರಡೇ ನಿಮಿಷ. ದಯವಿಟ್ಟು."

"ನಿಮ್ಮ ಮಾತು ಬೇಡ. ಇವತ್ತು ನಮ್ಮಪ್ಪನ ದಿನ."

ಅವಳು ಅವನನ್ನು ದಾಟಿ ಇಳಿದುಹೋದಳು.

ಮೊದಲನೆಯ ಬಿರಡೆ ತೆಗೆದರು. ಬಾರ್ನಬೆ ತಾತ ದೀಪ ಹಿಡಿದು ಇಣುಕಿದ. ತಣಿದ ಹಾಲಿನ ಕೆನೆಯ ಹಾಗೆ ಬೂದುಬಣ್ಣದ ಪೊರೆ, ಎಲ್ಲಿಯೂ ಹರಿಯದೆ ನಿಂತಿತ್ತು. ಗಾಜಿನ ಕೊಳವೆಯನ್ನು ಮೆಲ್ಲನೆ ಇಳಿಸಿ ವೈನ್ ಎಳೆದು ಲೋಟಕ್ಕೆ ಬಿಟ್ಟ. ಚಿನ್ನದ ಬಣ್ಣ. ಅಕ್ರೋಟಿನ ವಾಸನೆ, ಅದರ ಹಿಂದೆಯೇ ಹುರಿದ ಮೆಂತ್ಯದ ವಾಸನೆ ಮಾಳಿಗೆಯೆಲ್ಲ ಹರಡಿತು. ತಾತ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಎಮಿಲ್ಯಾ ಬಂದು ಪಕ್ಕದಲ್ಲಿ ನಿಂತ ಹಾಗಾಯ್ತು ಮಗಳೇ," ಎಂದ.

ಸೊಲೀನ್ ಅಜ್ಜಿಯ ಕೈ ಹಿಡಿದುಕೊಂಡಳು. ಎರಡನೆಯದೂ ಹಾಗೆಯೇ. ಮೂರನೆಯದು ಇನ್ನೂ ಚೆನ್ನ.

ನಾಲ್ಕನೆಯ ಬಿರಡೆ ತೆಗೆದಾಗಲೂ ತಾತ ಇಣುಕಿದ. ದೀಪವನ್ನು ಇನ್ನಷ್ಟು ಹತ್ತಿರ ತಂದ. ಉಳಿದಿಬ್ಬರನ್ನೂ ಕರೆದು ತೋರಿಸಿದ. ವೈನ್ ಬಿರಡೆಯಿಂದ ಬರೀ ಎರಡು ಬೆರಳು ಕೆಳಗಿತ್ತು. ಪೊರೆಯೆಂದರೆ ಅಲ್ಲೊಂದು ಇಲ್ಲೊಂದು ಚೂರು.

"ಇದಕ್ಕೆ ಹುಯ್ದಿದಾರೆ," ಎಂದ ತಾತ.

ಸೊಲೀನ್ ಹಾಗಾಗಲು ಸಾಧ್ಯವೇ ಇಲ್ಲ, ಆರು ವರ್ಷದಿಂದ ಯಾರೂ ಮುಟ್ಟಿಲ್ಲ ಎಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಗಂಟಲು ಸರಿಮಾಡಿಕೊಂಡು, ಎಮಿಲ್ಯಾ ಕೊನೆಗಾಲದಲ್ಲಿ ಜ್ವರದ ಮಂಪರಿನಲ್ಲಿದ್ದ, ಅವನಿಗೆ ತಾನೇನು ಮಾಡುತ್ತಿದ್ದೇನೆ ಎಂಬುದೇ ಗೊತ್ತಿತ್ತೋ ಇಲ್ಲವೋ ಎಂದ. ಈ ಪೀಪಾಯಿಯ ಮರ ಬಿಗಿ, ಹುಯ್ದದ್ದು ಆಮೇಲೆ ಅಷ್ಟಾಗಿ ಇಂಗಿಲ್ಲ ಎಂದು ಇನ್ನೊಬ್ಬ ಸೇರಿಸಿದ. ಹಾಗಿದ್ದರೆ ಇದೊಂದಕ್ಕೇ ಹುಯ್ದ ಎಂದು ಹೇಳುವುದು ಹೇಗೆ? ಎಲ್ಲಕ್ಕೂ ಹುಯ್ದಿರಬಹುದು. ಉಳಿದವುಗಳಲ್ಲಿ ಆಮೇಲೆ ಪೊರೆ ಮತ್ತೆ ಕಟ್ಟಿರಬಹುದು.

"ಕ್ಷಮಿಸು ತಾಯಿ. ಕಟ್ಟುಪಾಡು ಎಲ್ಲರಿಗೂ ಒಂದೇ. ಏಳನ್ನೂ ಬಿಡಬೇಕಾಗುತ್ತೆ," ಎಂದ ಬಾರ್ನಬೆ ತಾತ.

ಅಪ್ಪ... ಸತ್ತವನು ಎದ್ದು ಬಂದು ನಾನಲ್ಲ ಎಂದು ಹೇಳಲಾರ.

"ಅವರಲ್ಲ. ನಾನು."

ತಿಬೋ ಮೆಟ್ಟಿಲ ಬಳಿ ನಿಂತಿದ್ದ. ಮುಖ ಆ ಮೊದಲ ದಿನದಷ್ಟೇ ಬಿಳಿಚಿತ್ತು.

"ಮಾರ್ಚಿನಲ್ಲಿ. ನಾನು ಬಂದ ಮೂರನೇ ದಿನ. ಮೆಟ್ಟಿಲಿಳಿದರೆ ಮೊದಲು ಸಿಗೋದು ಇದೇ. ಬಡಿದು ನೋಡಿದೆ, ಖಾಲಿ ಅನ್ನಿಸ್ತು. ಆರು ಕ್ಯಾನು ಹುಯ್ದೆ. ಐದನೆಯದಕ್ಕೆ ಕೈ ಹಾಕೋ ಹೊತ್ತಿಗೆ ಸೊಲೀನ್ ಬಂದ್ರು. ಬೇರೆ ಯಾವುದನ್ನೂ ಮುಟ್ಟಿಲ್ಲ. ನಮ್ಮ ಕಡೆ ಪೀಪಾಯಿಯನ್ನ ಖಾಲಿ ಬಿಡೋದು ಅಂದ್ರೆ ಹಸುಗೂಸನ್ನ ಹಸಿವಲ್ಲಿ ಬಿಟ್ಟ ಹಾಗೆ. ಏಳನೇ ವಯಸ್ಸಿಂದ ನಾನು ಮಾಡ್ಕೊಂಡು ಬಂದಿರೋ ಕೆಲಸ ಅದೊಂದೇ, ವಾರವಾರ ಹೋಗಿ ತುಂಬಿಸೋದು. ಸುಮ್ಮನೆ ಬಿಡೋ ವೈನ್ ಅಂತ ಕೇಳಿದ್ದೆ, ಆದ್ರೆ ತುಂಬಿಸೋದೇ ಇಲ್ಲಿ ದೊಡ್ಡ ಅಪರಾಧ ಅಂತ ಗೊತ್ತಿರಲಿಲ್ಲ."

ಹಿರಿಯರಲ್ಲೊಬ್ಬ ನಂಬಲಿಲ್ಲ. ಹುಡುಗಿಯನ್ನು ಉಳಿಸಲು ಆಳು ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದ. ಸಾಕ್ಷಿ ಏನಿದೆ ಎಂದು ಕೇಳಿದ.

ತಿಬೋ ಜೇಬಿಗೆ ಕೈಹಾಕಿದ. ಹೊರಗೆ ತೆಗೆಯಲು ಅವನಿಗೆ ಬಹಳ ಕಷ್ಟವಾಯಿತು. ಕೊನೆಗೆ ಆ ಕೆಂಪು ಮುದ್ರೆಯ ಲಕೋಟೆಯನ್ನು ಬಾರ್ನಬೆ ತಾತನ ಕೈಗಿಟ್ಟು ಗೋಡೆಯ ಕಡೆ ತಿರುಗಿ ನಿಂತ.

ತಾತ ದೀಪದ ಬೆಳಕಿನಲ್ಲಿ ಗಟ್ಟಿಯಾಗಿ ಓದಿದ.

"'ಮಗನೇ, ನೀನು ಮಾರ್ಚಿನಿಂದ ಕೇಳುತ್ತಿರುವ ಪ್ರಶ್ನೆಗೆ ನನ್ನ ಉತ್ತರ ಒಂದೇ. ನೀನು ಮುಳುಗಿಸಿದ ಆ ನಾಲ್ಕನೆಯ ಪೀಪಾಯಿಗೆ ಔಷಧ ಇಲ್ಲ. ಇಲ್ಲಿನ ಎಲ್ಲರನ್ನೂ ವಿಚಾರಿಸಿದೆ. ಆ ಹುಡುಗಿಗೆ ಹೋಗಿ ಹೇಳು. ಬೈಸಿಕೊ. ಇನ್ನೊಂದು ಮಾತು. ನಿನ್ನ ಕಾಗದಗಳಲ್ಲಿ ಪೀಪಾಯಿಯ ವಿಷಯ ನಾಲ್ಕು ಸಾಲು ಇದ್ದರೆ ಅವಳ ವಿಷಯ ನಾಲ್ಕು ಪುಟ ಇರುತ್ತದೆ. ನಿನ್ನ ಅಮ್ಮ ಅದನ್ನೆಲ್ಲ ಅಕ್ಕಪಕ್ಕದವರಿಗೆ ಓದಿ ಹೇಳುತ್ತಿದ್ದಾಳೆ. ಆದಷ್ಟು ಬೇಗ...'"

ತಾತ ಅಲ್ಲಿಗೆ ನಿಲ್ಲಿಸಿ ಕೆಮ್ಮಿದ. ಅಜ್ಜಿ, "ನಿಲ್ಲಿಸಿದ್ಯಾಕೆ, ಓದೋ," ಎಂದಳು. ಯಾರೂ ನಗಲಿಲ್ಲ. ಆದರೆ ಆ ಮೂವರು ಮುದುಕರ ಮೀಸೆಗಳು ಅಲುಗಿದ್ದನ್ನು ಸೊಲೀನ್ ಕಂಡಳು.

ಹಿರಿಯರು ಮೂಲೆಗೆ ಸರಿದು ಮಾತಾಡಿಕೊಂಡರು. ಐದು, ಆರು, ಏಳನ್ನೂ ತೆರೆದು ನೋಡಿದರು. ಮೂರರಲ್ಲೂ ಪೊರೆ ಗಟ್ಟಿಯಾಗಿತ್ತು. ಹುಯ್ದದ್ದು ಇದೊಂದಕ್ಕೇ ಎಂಬುದಕ್ಕೆ ಸಾಕ್ಷಿ ಸಿಕ್ಕಿತು, ನಾಲ್ಕನೆಯದನ್ನು ಬಿಟ್ಟು ಉಳಿದ ಆರೂ ಪೀಪಾಯಿ ಹಳದಿ ವೈನ್ ಎಂದು ಬಾರ್ನಬೆ ತಾತ ಸಾರಿದ. ಎಮಿಲ್ಯಾನ ಹೆಸರು ಬಾಟಲಿಯ ಮೇಲೆ ಹೋಗುತ್ತದೆ ಎಂದ.

ಸೊಲೀನ್ ಅತ್ತಳು. ಅಪ್ಪನಿಗಾಗಿ ಅತ್ತಳು, ಆರು ವರ್ಷ ಹೊತ್ತ ಭಾರಕ್ಕಾಗಿ ಅತ್ತಳು. ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ ತಿಬೋ ಇರಲಿಲ್ಲ. ಅವನ ಕೋಣೆಯಲ್ಲಿ ಹಾಸಿಗೆ ಮಡಚಿಟ್ಟಿತ್ತು.

ಅವಳಿಗೆ ಕೆಂಡದಂಥ ಸಿಟ್ಟು. ಒಂಬತ್ತು ತಿಂಗಳು ಮುಚ್ಚಿಟ್ಟನಲ್ಲ! ದಿನಾ ಎದುರು ಕುಳಿತು ಊಟ ಮಾಡಿದನಲ್ಲ! ಅವನು ಗೂಢಚಾರ ಎಂದಳು, ಕಳ್ಳ ಎಂದಳು, ಹೆಂಡತಿ ಇರುವವನು ಎಂದುಕೊಂಡಳು. ಏನೆಲ್ಲ ಅನುಮಾನಿಸಿದಳು, ಇದೊಂದನ್ನು ಬಿಟ್ಟು. ಆದರೆ ಅವನು ಇವತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಪ್ಪು ಸತ್ತವನ ಮೇಲೆ ಬೀಳುತ್ತಿತ್ತು, ಇವನು ಸುಖವಾಗಿ ಹೋಗಬಹುದಿತ್ತು. ಊರ ಹಿರಿಯರ ಮುಂದೆ ತನ್ನ ಮರ್ಯಾದೆಯನ್ನೂ, ತನ್ನ ಮನಸ್ಸನ್ನೂ ಬಿಚ್ಚಿಟ್ಟು ಅಪ್ಪನ ಹೆಸರು ಉಳಿಸಿದ.

"ಹನ್ನೆರಡರ ಬಸ್ಸಿಗೆ ಹೋಗ್ತಾನೆ," ಎಂದಳು ಅಜ್ಜಿ, ಯಾರನ್ನೂ ನೋಡದೆ. "ಹೋಗ್ಲಿ ಬಿಡು. ಬೆನ್ನು ಬೇರೆ ಸಿಗುತ್ತೆ."

ಸೊಲೀನ್ ಆಗಲೇ ಬಾಗಿಲು ದಾಟಿದ್ದಳು.

ಚರ್ಚಿನ ಮುಂದಿನ ನಿಲ್ದಾಣದಲ್ಲಿ ಬೆಂಚಿನ ಮೇಲೆ ಅವನ ಪೆಟ್ಟಿಗೆ ಒಂದೇ ಕುಳಿತಿತ್ತು. ಜೊಸೆಟ್ ಸೈಕಲ್ಲಿನ ಮೇಲಿಂದಲೇ, ಬಸ್ಸು ಬಂತು, ಹೋಯಿತು, ಅವನು ಹತ್ತಲೇ ಇಲ್ಲ ಎಂದು ಹೇಳಿ ಗುಡ್ಡದ ಕಡೆ ಕೈ ತೋರಿಸಿದಳು.

ಇಳಿಜಾರಿನಲ್ಲಿ, ಎಲೆಯುದುರಿದ ಬಳ್ಳಿಗಳ ನಡುವೆ, ಯಾರೋ ಬಗ್ಗಿ ಕತ್ತರಿಯಾಡಿಸುತ್ತಿದ್ದರು.

ಅವಳು ಏದುಸಿರುಬಿಡುತ್ತ ಹತ್ತಿದಳು. ತಿಬೋ ತಲೆಯೆತ್ತಿ ನೋಡಿ ಎದ್ದು ನಿಂತ.

"ನಿನ್ನೆ ಒಂದು ಸಾಲು ಅರ್ಧಕ್ಕೆ ಬಿಟ್ಟಿದ್ದೆ. ಹಾಗೇ ಹೋಗೋಕೆ ಮನಸ್ಸಾಗಲಿಲ್ಲ. ಐದೇ ಬಳ್ಳಿ ಉಳಿದಿತ್ತು."

ಸೊಲೀನ್ ಸಾಲುಗಳ ಕಡೆ ನೋಡಿದಳು.

"ಆ ಸಾಲು ಮುಗಿದು ಇದು ಎರಡನೆಯದು."

"ಹೌದು," ಎಂದು ಅವನು ಎಡಗಿವಿ ಎಳೆದುಕೊಂಡ.

"ಒಂದು ಮಾತು ಹೇಳೋಕೆ ಒಂಬತ್ತು ತಿಂಗಳು ಸಾಲಲಿಲ್ವಾ?"

"ಮೊದಮೊದಲು ಭಯ. ಹೇಳಿದ್ರೆ ಕಳಿಸಿಬಿಡ್ತೀರಿ ಅಂತ."

"ಆಮೇಲೆ?"

"ಆಮೇಲೂ ಅದೇ ಭಯ, ಸೊಲೀನ್. ಮೊದಲು ಕೆಲಸ ಹೋಗುತ್ತೆ ಅಂತಿತ್ತು. ಆಮೇಲೆ ನಿಮ್ಮನ್ನ ನೋಡೋದು ತಪ್ಪುತ್ತೆ ಅಂತ." ಅವನು ಕತ್ತರಿಯನ್ನು ಜೇಬಿಗೆ ಹಾಕಿಕೊಂಡ. "ಅದನ್ನ ತಪ್ಪಿಲ್ಲದವನ ಹಾಗೆ ಹೇಳೋಕೆ ನನ್ನಿಂದಾಗಲಿಲ್ಲ. ನಿಮ್ಮಪ್ಪನ ವೈನ್ ಕೆಡಿಸಿದವನು ಯಾವ ಬಾಯಲ್ಲಿ ನಿಮ್ಮನ್ನ ಪ್ರೀತಿಸ್ತೀನಿ ಅನ್ನಲಿ?"

ಗಾಳಿ ತಣ್ಣಗೆ ಬೀಸುತ್ತಿತ್ತು. ಸೊಲೀನ್‌ಗೆ ಹೇಳಬೇಕೆಂದು ಹತ್ತುವಾಗ ಜೋಡಿಸಿಕೊಂಡ ಬೈಗುಳಗಳೆಲ್ಲ ಎಲ್ಲೋ ಉದುರಿಹೋಗಿದ್ದವು.

"ನಾನೂ ಸುಳ್ಳೇ ಹೇಳಿಕೊಂಡೆ," ಎಂದಳು. "ಅನುಮಾನಕ್ಕೆ ನೋಡ್ತಿದೀನಿ ಅಂತ ನನಗೆ ನಾನೇ ಹೇಳಿಕೊಂಡು ದಿನವಿಡೀ ನಿಮ್ಮನ್ನೇ ನೋಡ್ತಿದ್ದೆ. ಆ ಕಾಗದ ಬಂದ ದಿನ ಗೊತ್ತಾಯ್ತು, ನನಗೆ ಸಿಟ್ಟು ಬಂದಿರಲಿಲ್ಲ. ಎದೆ ಒಡೆದಿತ್ತು."

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈಯೆತ್ತಿ ತಡೆದಳು.

"ಒಂದು ಕರಾರು. ಇನ್ಮೇಲೆ ಏನೇ ಮಾಡಿದರೂ ಆವತ್ತೇ ಹೇಳಬೇಕು. ಮಾಳಿಗೆಗೆ ಬೆಂಕಿ ಇಟ್ಟರೂ ಸರಿ, ಊಟಕ್ಕೆ ಕೂರೋ ಮೊದಲು ಹೇಳಬೇಕು."

"ಹೇಳ್ತೀನಿ. ಆ ನಾಲ್ಕನೆಯದನ್ನ ಏನು ಮಾಡ್ತೀರಿ?"

"ಗಿಡ್ಡ ಬಾಟಲಿಗೆ ಹೋಗಲ್ಲ, ಮಾರೋದೂ ಇಲ್ಲ. ಮನೆಯವರು ಕುಡಿಯೋದು."

"ಇನ್ನೂರು ಲೀಟರಿಗಿಂತ ಜಾಸ್ತಿ ಇದೆ. ನೀವೂ ಅಜ್ಜಿಯೂ ಇಬ್ಬರೇ ಎಷ್ಟಂತ ಕುಡೀತೀರಿ?"

"ಅಜ್ಜಿಗೆ ಭಾನುವಾರಕ್ಕೊಂದು ಲೋಟ. ನನಗೊಂದು. ಉಳಿದದ್ದು ನೀನು ಕುಡಿ."

'ನೀನು' ಎಂಬುದು ಅವನ ಕಿವಿಗೆ ಬಿತ್ತು. ಅವನು ಅವಳ ತಣ್ಣನೆಯ ಎರಡೂ ಕೈಗಳನ್ನು ಹಿಡಿದುಕೊಂಡ. ಈ ಸಲ ಅವಳು ತಡೆಯಲಿಲ್ಲ. ಅವನ ಕೋಟಿಗೆ ಹಣೆಯಾನಿಸಿ ನಿಂತಳು.

"ವಾರಕ್ಕೆ ಮೂರು ಲೋಟ ಅಂದ್ರೆ ಮುಗಿಯೋಕೆ ವರ್ಷಗಟ್ಟಲೆ ಆಗುತ್ತೆ, ಸೊಲೀನ್."

"ಆಗ್ಲಿ."

"ಆಮೇಲೆ? ಅದು ಖಾಲಿಯಾಗ್ತಾ ಬಂದರೆ?"

"ಖಾಲಿಯಾಗ್ತಾ ಬಂದರೆ ನೀನೇ ತುಂಬಿಸು," ಎಂದಳು ಸೊಲೀನ್. "ಅದೊಂದಕ್ಕೆ ಮಾತ್ರ."